ಹತ್ತಿಯ ಸಂದರ್ಶನ

ಮೂವತ್ತಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಜನರನ್ನು ಕೆಲಸಕ್ಕೆ ತೆಗೆದುಕೊಂಡ, ಅದಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳದೆ ವಾಪಸ್ಸು ಕಳಿಸಿದ ಮನುಷ್ಯ ನಿವೃತ್ತಿಯಾಗಿ ಮನೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಅವರ ಹೆಂಡತಿಯನ್ನೇ ಕೇಳಬೇಕು. ಮೊದಲ ವಾರ ಅವರು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಎರಡನೆಯ ವಾರ ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ಇನ್ನೈದು ವರ್ಷದಲ್ಲಿ ನೀನು ಎಲ್ಲಿರ್ಬೇಕು ಅಂದ್ಕೊಂಡಿದ್ದೀಯ?" ಎಂದು ಕೇಳಿದರು. ಪಕ್ಕದ ಬೀದಿಯಲ್ಲಿರಬೇಕು ಅಂದುಕೊಂಡಿದ್ದೇನೆ ಎಂದ ಹಾಲಿನವನು ಐದು ವರ್ಷ ಕಾಯಲಿಲ್ಲ, ಮಾರನೆಯ ಬೆಳಿಗ್ಗೆಯಿಂದಲೇ ಅಲ್ಲಿಗೆ ಹೋದ.

ಮೂರನೆಯ ವಾರ ಹೆಂಡತಿ ಪತ್ರಿಕೆಯಿಂದ ಒಂದು ಪ್ರಕಟಣೆ ಕತ್ತರಿಸಿ ಕಾಫಿ ಲೋಟದ ಕೆಳಗಿಟ್ಟರು. ಬಿಡುಗಡೆಗೆ ಹತ್ತಿರವಾದ ಕೈದಿಗಳಿಗೆ ಕೆಲಸ ಹುಡುಕಿಕೊಳ್ಳಲು ನೆರವಾಗುವ ಸ್ವಯಂಸೇವಕರು ಜೈಲಿಗೆ ಬೇಕಾಗಿದ್ದರು. ಸಂಬಳವಿಲ್ಲ, ಚಹಾ ಕೊಡುತ್ತಾರೆ.

"ಏನೇ ಇದು, ನನ್ನನ್ನ ಜೈಲಿಗೆ ಕಳಿಸ್ತೀಯ?"

"ವಾರಕ್ಕೆ ಮೂರೇ ದಿನ ರೀ," ಎಂದರು ಹೆಂಡತಿ. ದನಿಯಲ್ಲಿ ಕೊಂಚ ನಿರಾಸೆಯಿತ್ತು. ಏಳು ದಿನವೂ ಇಟ್ಟುಕೊಳ್ಳುತ್ತಾರೇನೋ ಎಂದು ಅವರು ಆಸೆಪಟ್ಟಿದ್ದರು.

ಜೈಲಿನಲ್ಲಿ ಅವರ ಕೈಗೆ ಇಪ್ಪತ್ತೊಂದು ನಿಯಮಗಳ ಹಾಳೆ ಕೊಟ್ಟರು. ನಿಯಮವೆಂದರೆ ಅವರಿಗೆ ಪಂಚಪ್ರಾಣ. ಬಸ್ಸಿನ ಟಿಕೆಟ್ಟಿನ ಹಿಂಬದಿಯನ್ನೂ ಓದುವ ಜಾತಿ ಅವರದು. ಮೊದಲನೆಯ ನಿಯಮ ದಪ್ಪಕ್ಷರದಲ್ಲಿತ್ತು: ಒಳಗೆ ಯಾವ ಬಾಗಿಲನ್ನೂ ಮುಟ್ಟಕೂಡದು. ಹೊರಗಿನ ಗೇಟಿನಿಂದ ತರಗತಿಯ ಕೋಣೆಗೆ ಏಳು ಬಾಗಿಲು. ಪ್ರತಿಯೊಂದರ ಮುಂದೆಯೂ ನೆಲದ ಮೇಲೆ ಹಳದಿ ಗೆರೆ. ಗೆರೆಯ ಹಿಂದೆ ಕಾಲು ಜೋಡಿಸಿ, ಕೈ ಹಿಂದೆ ಕಟ್ಟಿ ನಿಲ್ಲಬೇಕು. ಕಾವಲುಗಾರ ಬಂದು ಕೀಲಿ ತಿರುಗಿಸಿ, ಬಾಗಿಲು ಹಿಡಿದುಕೊಂಡು, "ನಡೀರಿ" ಎಂದಮೇಲೆ ನಡೆಯಬೇಕು. ಆ ಕಾವಲುಗಾರನ ಸೊಂಟದಲ್ಲಿ ಒಂದು ಸೇರು ಕೀಲಿ ತೂಗಾಡುತ್ತಿತ್ತು, ನಡೆದರೆ ಝಣಝಣ ಸದ್ದು. ಕೈದಿಗಳು ಅವನನ್ನು ಗಿಲಕಿ ಎಂದು ಕರೆಯುತ್ತಿದ್ದರು, ಅವನ ಬೆನ್ನ ಹಿಂದೆ. ಇವರನ್ನು ಮಾತ್ರ ಮುಖದ ಮುಂದೆಯೇ ಮೇಷ್ಟ್ರು ಎಂದರು. ಒಂದು ದಿನವೂ ಪಾಠ ಮಾಡಿದವರಲ್ಲದಿದ್ದರೂ ಆ ಹೆಸರು ಅವರಿಗೆ ಹೇಳಿ ಮಾಡಿಸಿದಂತೆ ಕೂತಿತು.

ಮೇಷ್ಟ್ರ ವಿದ್ಯೆ ಒಂದೇ, ಸಂದರ್ಶನ. ತಾವು ಮೇಜಿನ ಆಚೆ ಕೂತು, ಒಬ್ಬೊಬ್ಬ ಕೈದಿಯನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸತೊಡಗಿದರು. ಸುಳ್ಳು ಹೇಳಬಾರದು ಎಂದು ಮೊದಲ ದಿನವೇ ತಾಕೀತು ಮಾಡಿದ್ದು ತಪ್ಪಾಯಿತು ಎಂದು ಅವರಿಗೆ ಅರಿವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹಿಂದಿನ ಕೆಲಸ ಯಾಕೆ ಬಿಟ್ಟೆ?"

"ನಾನಾಗಿ ಬಿಡ್ಲಿಲ್ಲ ಸಾರ್. ಆರು ಜನ ಬಂದು ಬಿಡಿಸಿದ್ರು."

"ಎಲ್ಲರ ಜೊತೆ ಸೇರಿ ಕೆಲಸ ಮಾಡಿ ಅಭ್ಯಾಸ ಇದೆಯಾ?"

"ಮುಂಚೆ ಮೂರು ಜನ ಇದ್ವಿ ಸಾರ್. ಅದ್ರಲ್ಲೊಬ್ಬ ಸಾಕ್ಷಿ ಹೇಳಿದ. ಅವತ್ತಿಂದ ಒಬ್ಬನೇ ಮಾಡೋದು ವಾಸಿ ಅನ್ನಿಸಿದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಮೂವತ್ತಮೂರು ವರ್ಷದಲ್ಲಿ ಎದುರಿನ ಕುರ್ಚಿಯಿಂದ ಇಷ್ಟು ನಿಜ ಅವರು ಕೇಳಿರಲಿಲ್ಲ. ಒಳಗೊಳಗೇ ಅವರಿಗೆ ಖುಷಿಯೂ ಆಗುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಆ ತರಗತಿಯಲ್ಲಿ ಹತ್ತಿ ಎಂಬುವನಿದ್ದ. ತೆಳ್ಳಗಿನ ಆಳು, ಮಾತು ಮೆಲ್ಲಗೆ, ನಡೆದರೆ ಸದ್ದಿಲ್ಲ, ಅದಕ್ಕೇ ಆ ಹೆಸರು. ಮನೆಗಳ್ಳತನಕ್ಕೆ ಏಳು ವರ್ಷ ಶಿಕ್ಷೆಯಾಗಿ, ಐದು ವರ್ಷ ಎಂಟು ತಿಂಗಳು ಕಳೆದಿದ್ದ. ಅವನಿಗೆ ತೆರೆಯಲಾಗದ ಬೀಗ ಊರಿನಲ್ಲೇ ಇರಲಿಲ್ಲವಂತೆ. ಬಾಗಿಲ ಹತ್ತಿರ ಬಾಯಿ ಇಟ್ಟು ಏನೋ ಹೇಳುತ್ತಿದ್ದ, ಬಾಗಿಲು ಸರಿ ಎನ್ನುತ್ತಿತ್ತು ಎಂದು ಉಳಿದವರು ಕಥೆ ಕಟ್ಟುತ್ತಿದ್ದರು. ಈಗ ಜೈಲಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವುದು, ಮಡಿಸುವುದು ಅವನ ಕೆಲಸ.

"ನಿನಗೆ ಈ ಕೆಲಸ ಯಾಕೆ ಬೇಕು?" ಎಂದು ಮೇಷ್ಟ್ರು ವಾಡಿಕೆಯ ಪ್ರಶ್ನೆ ಕೇಳಿದಾಗ ಹತ್ತಿ ಜೇಬಿನಿಂದ ಕಾಗದಗಳ ಕಟ್ಟು ತೆಗೆದ. ಎಲ್ಲ ಅವನ ಮಗಳದು. ಅವನು ಒಳಗೆ ಬಂದ ವರ್ಷವೇ ಹುಡುಗಿಯ ಮೊದಲ ಹಾಲುಹಲ್ಲು ಬಿದ್ದಿತ್ತು. ಅಲ್ಲಿಂದ ಒಂದೊಂದು ಹಲ್ಲು ಬಿದ್ದಾಗಲೂ ಅವಳು ತನ್ನ ಬಾಯಿಯ ಚಿತ್ರ ಬರೆದು, ಬಿದ್ದ ಜಾಗಕ್ಕೆ ಕಪ್ಪು ಬಳಿದು ಕಳಿಸಿದ್ದಳು.

"ಇಪ್ಪತ್ತು ಹಾಲುಹಲ್ಲು ಇರ್ತವಂತೆ ಸಾರ್. ಹತ್ತೊಂಬತ್ತು ನಾನಿಲ್ದಾಗಲೇ ಬಿದ್ವು. ಒಂದೇ ಒಂದು ಉಳಿದಿದೆ, ಹಿಂದುಗಡೆ. ಅದೂ ಅಲ್ಲಾಡ್ತಿದೆ. ನೀನು ಬಂದೇ ಕೀಳ್ಬೇಕಪ್ಪ, ಅಲ್ಲೀವರೆಗೂ ಇನ್ನೊಂದು ಕಡೆ ಅಗೀತೀನಿ ಅಂತ ಬರ್ದಿದ್ದಾಳೆ."

ಮೇಷ್ಟ್ರು ಕಟ್ಟಿನ ಕೊನೆಯ ಚಿತ್ರವನ್ನು ನೋಡಿದರು. ನಂತರ ಕನ್ನಡಕ ತೆಗೆದು ಒರೆಸಿಕೊಂಡರು, ಅದೇನೂ ಕೊಳೆಯಾಗಿರಲಿಲ್ಲ.

ವಿಷಯ ಹೀಗಿತ್ತು. ಬೇಗ ಬಿಡುಗಡೆ ಮಾಡುವ ಸಮಿತಿ ವರ್ಷಕ್ಕೊಮ್ಮೆ ಅದೇ ತರಗತಿಯ ಕೋಣೆಯಲ್ಲಿ ಕೂರುತ್ತದೆ. ಹತ್ತಿಯ ನಡತೆಯ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಹೊರಗೆ ಕೆಲಸ ಸಿಕ್ಕಿದೆ ಎಂಬ ಪತ್ರ, ಯಜಮಾನರ ರುಜು ಸಮೇತ, ಸಮಿತಿ ಕೂರುವ ದಿನ ಮಧ್ಯಾಹ್ನ ಹನ್ನೆರಡರೊಳಗೆ ಮೇಜಿನ ಮೇಲಿರಬೇಕು. ಇದ್ದರೆ ಅಂದೇ ಮನೆಗೆ. ಇಲ್ಲದಿದ್ದರೆ ಇನ್ನೊಂದು ವರ್ಷ. ಯಾವ ಹಾಲುಹಲ್ಲೂ ಅಲ್ಲಾಡಿಕೊಂಡು ಒಂದು ವರ್ಷ ಕಾಯುವುದಿಲ್ಲ.

ಮೇಷ್ಟ್ರು ಊರಿಡೀ ಅಲೆದರು. ಹನ್ನೊಂದು ಕಡೆ ಬಾಯಿತುಂಬ ನಕ್ಕು ಆಗುವುದಿಲ್ಲ ಎಂದರು. ತಾವು ಮೂವತ್ತಮೂರು ವರ್ಷ ನಕ್ಕಿದ್ದೂ ಅದೇ ನಗೆ ಎಂದು ಅವರಿಗೆ ಹೊಳೆದು, ಆ ರಾತ್ರಿ ಊಟ ಸೇರಲಿಲ್ಲ. ಹನ್ನೆರಡನೆಯದು ಒಂದು ಲಾಂಡ್ರಿ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಅಂಗಡಿ. ಅದರ ಯಜಮಾನಿ ಫೋನಿನಲ್ಲಿ, "ಕರ್ಕೊಂಡು ಬನ್ನಿ, ಮುಖ ನೋಡ್ತೀನಿ," ಎಂದರು. ಅವರಿಗೆ ಬಿಡುವಿದ್ದದ್ದು ಸಮಿತಿ ಕೂರುವ ದಿನವೇ, ಬೆಳಿಗ್ಗೆ ಹತ್ತೂವರೆಗೆ.

ಅದಕ್ಕೆ ಉಳಿದಿದ್ದ ಹದಿನೈದು ದಿನ ಮೇಷ್ಟ್ರು ಹತ್ತಿಯ ತಲೆ ತಿಂದು ಹಾಕಿದರು. ಕೂರುವ ಬಗೆ, ಕೈ ಇಡುವ ಬಗೆ, ಕೆಮ್ಮು ಬಂದರೆ ಏನು ಮಾಡಬೇಕು, ಎಲ್ಲ ಕಲಿಸಿದರು. ಒಳಗೆ ಬರುವುದು ಹೇಗೆ ಎಂಬುದನ್ನೂ ನಲವತ್ತು ಸಲ ಮಾಡಿಸಿದರು. ಹತ್ತಿ ಹೊರಗೆ ನಿಲ್ಲುತ್ತಿದ್ದ, ಗಿಲಕಿ ಬಾಗಿಲು ತೆರೆಯುತ್ತಿದ್ದ, ಹತ್ತಿ ಮುಗುಳ್ನಗುತ್ತ ಬರುತ್ತಿದ್ದ. ಇಪ್ಪತ್ತು ಸಲವಾದ ಮೇಲೆ ಗಿಲಕಿ ಗೊಣಗಿದ. "ಕೆಲಸ ಇವನಿಗೋ ನನಗೋ ಮೇಷ್ಟ್ರೇ? ರಟ್ಟೆ ಬಿದ್ದುಹೋಯ್ತು."

ಈ ನಡುವೆ ಮನೆಯಲ್ಲೊಂದು ಸಣ್ಣ ಸಂಗತಿ ನಡೆಯುತ್ತಿತ್ತು. ಮೇಷ್ಟ್ರ ಗಮನಕ್ಕೆ ಅದು ಬಂದಿರಲಿಲ್ಲ, ಹೆಂಡತಿಯ ಗಮನಕ್ಕೆ ಬಂದಿತ್ತು. ಸಂಜೆ ಮನೆಗೆ ಬಂದ ಗಂಡ ಬಾಗಿಲ ಮುಂದೆ ಕೈ ಹಿಂದೆ ಕಟ್ಟಿ ಸುಮ್ಮನೆ ನಿಂತಿರುತ್ತಿದ್ದರು. ಬಡಿಯುವುದಿಲ್ಲ, ಕೂಗುವುದಿಲ್ಲ. ಒಂದು ದಿನ ಬಚ್ಚಲಮನೆಯ ಒಳಗಡೆಯೂ ಹಾಗೇ ನಿಂತಿದ್ದರು, ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು.

"ಕೈಗೇನಾಗಿದೆ ರೀ ನಿಮ್ಗೆ? ಅರ್ಧ ಗಂಟೆಯಿಂದ ಒಳಗೇನ್ ಮಾಡ್ತಿದ್ದೀರಿ?"

"ಏನೋ ಯೋಚನೆ ಮಾಡ್ತಿದ್ದೆ ಕಣೇ," ಎಂದರು ಮೇಷ್ಟ್ರು. ಹಾಗೆಂದೇ ಅವರೂ ನಂಬಿದ್ದರು.

ಆ ದಿನ ಬಂತು. ಕಡೆಯ ವರ್ಷಗಳಲ್ಲಿರುವ ಕೈದಿಯನ್ನು, ಹೆಸರು ನೋಂದಾಯಿಸಿಕೊಂಡ ಸ್ವಯಂಸೇವಕ ತನ್ನ ಜವಾಬ್ದಾರಿಯ ಮೇಲೆ ಅರ್ಧ ದಿನ ಹೊರಗೆ ಕರೆದೊಯ್ಯಬಹುದೆಂಬ ನಿಯಮವಿತ್ತು. ಹದಿನಾಲ್ಕನೆಯದು. ಮೇಷ್ಟ್ರು ಮೂರು ಕಡೆ ರುಜು ಹಾಕಿದರು. ಹತ್ತಿಗೆ ತಮ್ಮ ಹಳೆಯ ಕೋಟು ತೊಡಿಸಿದರು, ಅದು ಅವನಿಗೆ ಎರಡು ಸುತ್ತು ದೊಡ್ಡದು. ತಾವೂ ಕೋಟು ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡರು. ಗಿಲಕಿ ಏಳು ಬಾಗಿಲೂ ತೆರೆದು ಕಳಿಸಿಕೊಟ್ಟ. ಬಸ್ಸಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು, ಇಳಿಯುವಾಗಲೂ ತೆರೆದುಕೊಂಡಿತು. ಹತ್ತೂ ಕಾಲಿಗೆ ಇಬ್ಬರೂ ಲಾಂಡ್ರಿಯ ಮುಂದಿದ್ದರು.

ಲಾಂಡ್ರಿಗೆ ಗಾಜಿನ ಬಾಗಿಲು. ಬೀಗವಿಲ್ಲ, ಚಿಲಕವಿಲ್ಲ. ತಳ್ಳಿದರೆ ತೆರೆದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದು. ಕೆಳಗೆ ಕಾಲೊರಸಿನ ಅಂಚಿಗೆ ಒಂದು ಹಳದಿ ಪಟ್ಟಿ. ಹತ್ತಿ ಪಟ್ಟಿಯ ಹಿಂದೆ ಕಾಲು ಜೋಡಿಸಿ, ಕೈ ಹಿಂದೆ ಕಟ್ಟಿ ನಿಂತ. ಮೇಷ್ಟ್ರೂ ಅವನ ಪಕ್ಕದಲ್ಲಿ ಕಾಲು ಜೋಡಿಸಿ, ಫೈಲು ಸಮೇತ ಕೈ ಹಿಂದೆ ಕಟ್ಟಿ ನಿಂತರು. ನಿಂತರು ಅಂದರೆ ನಿಂತೇ ನಿಂತರು.

ಹತ್ತೂವರೆ ಆಯಿತು. ಮೇಷ್ಟ್ರು ಪಿಸುಗುಟ್ಟಿದರು. "ಗಡಿಬಿಡಿ ಬೇಡ. ಕರೀತಾರೆ."

"ಆಗ್ಲಿ ಸಾರ್."

ಹತ್ತು ಮುಕ್ಕಾಲು ಆಯಿತು. "ದೊಡ್ಡ ಸಂಸ್ಥೆ ನೋಡು," ಎಂದರು ಮೇಷ್ಟ್ರು. "ಸ್ವಲ್ಪ ಕಾಯಿಸ್ತಾರೆ. ನಾನೂ ಕಾಯಿಸ್ತಿದ್ದೆ."

ಒಳಗೆ ಏನಾಗುತ್ತಿತ್ತು ಎಂಬುದು ಅವರಿಗೆ ಆಮೇಲೆ ತಿಳಿಯಿತು. ಕೋಟು ತೊಟ್ಟ ಇಬ್ಬರು, ಒಬ್ಬರ ಹತ್ತಿರ ಫೈಲು, ಗಾಜಿನಾಚೆ ನಿಂತು ಕಣ್ಣು ಮಿಟುಕಿಸದೆ ಒಳಗೆ ನೋಡುತ್ತಿರುವುದನ್ನು ಕಂಡ ಯಜಮಾನಿ ಲೆಕ್ಕದ ಪುಸ್ತಕ ಮುಚ್ಚಿ ಎದ್ದು ನಿಂತರು. ತಪಾಸಣೆಗೆ ಬಂದ ಅಧಿಕಾರಿಗಳಲ್ಲದೆ ಇನ್ಯಾರು ಹಾಗೆ ನಿಲ್ಲುತ್ತಾರೆ? ಕೆಲಸದವರೆಲ್ಲ ತಲೆಗೆ ಟೋಪಿ ಹಾಕಿಕೊಂಡರು. ದಾರಿಗಡ್ಡವಾಗಿದ್ದ ಬಟ್ಟೆಯ ಮೂಟೆಗಳು ಗೋಡೆ ಸೇರಿದವು. ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಒಣಗುತ್ತಿದ್ದ ಯಾರದೋ ಕಾಲುಚೀಲ ಮಾಯವಾಯಿತು. ಇಷ್ಟಾದರೂ ಅವರು ಒಳಗೆ ಬರಲಿಲ್ಲ. ಬರದೆ ನೋಡುತ್ತಲೇ ಇದ್ದದ್ದು ಇನ್ನೂ ಭಯಂಕರವಾಗಿತ್ತು. ಯಜಮಾನಿ ನೆಲವನ್ನು ಎರಡನೆಯ ಸಲ ಒರೆಸಿಸಿದರು.

ಹತ್ತು ಐವತ್ತೈದಕ್ಕೆ ಒಬ್ಬ ಹೆಂಗಸು ಬಟ್ಟೆಯ ಗಂಟು ಹೊತ್ತು ಬಂದಳು. ಎರಡು ಕೈಯೂ ತುಂಬಿದ್ದರಿಂದ ಇವರಿಬ್ಬರ ನಡುವೆ ನುಗ್ಗಿ, ಸೊಂಟದಿಂದ ಬಾಗಿಲನ್ನು ಒಂದು ಗುದ್ದು ಗುದ್ದಿದಳು. ಬಾಗಿಲು ತೆರೆಯಿತು. ಅವಳು ಒಳಗೆ ಹೋದಳು. ಇವರಿಬ್ಬರೂ ಒಂದು ಹೆಜ್ಜೆ ಮುಂದಿಟ್ಟರು. ಬಾಗಿಲು ಮುಚ್ಚಿಕೊಂಡಿತು. ಇವರಿಬ್ಬರೂ ಒಂದು ಹೆಜ್ಜೆ ಹಿಂದಿಟ್ಟರು.

ಮೇಷ್ಟ್ರಿಗೆ ಆಗ ಬಚ್ಚಲಮನೆ ನೆನಪಾಯಿತು. ಟವೆಲ್ ನೆನಪಾಯಿತು. ನಲವತ್ತು ಸಲ ಒಳಗೆ ಬರುವುದನ್ನು ಕಲಿಸಿದ್ದೇನೆ, ನಲವತ್ತು ಸಲವೂ ಬಾಗಿಲು ತೆರೆದದ್ದು ಗಿಲಕಿ. ಗಡಿಯಾರ ನೋಡಿಕೊಂಡರು. ಜೈಲಿಗೆ ಬಸ್ಸಿನಲ್ಲಿ ಮೂವತ್ತೈದು ನಿಮಿಷ. ಆ ಮಗುವಿನ ಹಲ್ಲು ಒಂದು ನೂಲಿನ ಮೇಲೆ ತೂಗುತ್ತಿದೆ, ನಾನು ಇಲ್ಲಿ ಕಂಬದ ಹಾಗೆ ನಿಂತಿದ್ದೇನೆ. ತಮ್ಮ ಮೇಲೆ ಅವರಿಗೆ ಎಷ್ಟು ಸಿಟ್ಟು ಬಂತೆಂದರೆ, ಸ್ವತಃ ತಮ್ಮನ್ನೇ ಕೆಲಸದಿಂದ ತೆಗೆದುಹಾಕಿಬಿಡಬೇಕು ಅನ್ನಿಸಿತು.

ಅವರು ಕೈ ಮುಂದೆ ಚಾಚಿದರು. ಅಷ್ಟರಲ್ಲಿ ಒಳಗಿನಿಂದ ಯಜಮಾನಿಯೇ ಬಾಗಿಲು ಎಳೆದರು. ಮೇಷ್ಟ್ರು ತಳ್ಳಲು ಹೊರಟಿದ್ದ ಬಾಗಿಲು ಎದುರಿಗಿರಲಿಲ್ಲ, ಅವರು ನೇರ ಹೋಗಿ ಇಸ್ತ್ರಿಯಾದ ದಿಂಬಿನ ಚೀಲಗಳ ಗುಡ್ಡೆಯ ಮೇಲೆ ಬಿದ್ದರು.

"ಎಲ್ಲ ಸರಿಯಾಗೇ ಇದೆ ಸಾರ್," ಎಂದರು ಯಜಮಾನಿ ಗಾಬರಿಯಿಂದ. "ಬೇಕಾದ್ರೆ ಎದ್ದು ನೋಡಿ."

ಮೇಷ್ಟ್ರು ಎದ್ದು, ತಾವು ಯಾರು, ಹತ್ತಿ ಯಾರು ಎಂದು ಹೇಳುವ ಹೊತ್ತಿಗೆ ಹನ್ನೊಂದು ದಾಟಿತ್ತು. ಯಜಮಾನಿಯ ಮುಖದಲ್ಲಿದ್ದ ಹೆದರಿಕೆ ಇಳಿದು ಸಿಟ್ಟು ಏರಿತು. ಟೋಪಿ ಹಾಕಿಕೊಂಡಿದ್ದ ಎಂಟು ಜನ ಅದನ್ನು ಕಿತ್ತು ಜೇಬಿಗೆ ತುರುಕಿದರು.

"ಮುಕ್ಕಾಲು ಗಂಟೆ ಹೊರಗೆ ಗೊಂಬೆ ಥರ ನಿಂತು ನನ್ನ ರಕ್ತ ಹೀರಿದ್ರಲ್ಲ, ಯಾಕೆ?"

ಮೇಷ್ಟ್ರು ಬಾಯಿ ತೆರೆದರು. ಶಿಸ್ತು, ತಾಳ್ಮೆ, ಸಂಯಮ ಎಂದೆಲ್ಲ ಹೇಳಬೇಕೆಂದಿದ್ದರು. ಅಷ್ಟರಲ್ಲಿ ಹತ್ತಿ ತಾನು ಕಲಿತಂತೆ ನಿಜ ಹೇಳಿಬಿಟ್ಟ.

"ಯಾರೂ ಬಾಗ್ಲು ತೆಗೀಲಿಲ್ಲ ಅಮ್ಮ. ಐದು ವರ್ಷ ಎಂಟು ತಿಂಗಳಾಯ್ತು ನಾನು ಬಾಗ್ಲು ಮುಟ್ಟಿ. ಬೇರೆಯವ್ರು ತೆಗೀತಾರೆ, ನಡಿ ಅಂತಾರೆ, ನಾವು ನಡೀತೀವಿ."

"ಅದಕ್ಕೆ ಮುಂಚೆ?"

ಹತ್ತಿ ತಲೆ ತಗ್ಗಿಸಿದ. "ಅದಕ್ಕೆ ಮುಂಚೆ ಸಿಕ್ಕಾಪಟ್ಟೆ ತೆಗ್ದೆ ಅಮ್ಮ. ಎಲ್ಲ ಬೇರೆಯವ್ರದ್ದೇ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಎಲ್ಲ ಮುಗಿಯಿತು ಎಂದುಕೊಂಡರು. ಕಣ್ಣು ಬಿಟ್ಟಾಗ ಯಜಮಾನಿ ಒಂದು ದೊಡ್ಡ ಮಂಚದ ಹಾಸು ತಂದು ಹತ್ತಿಯ ಕೈಗೆ ಹಾಕುತ್ತಿದ್ದರು.

"ಮಡಿಸು. ಒಬ್ಬನೇ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅವನ ಐದು ವರ್ಷದ ಗುರಿ ಏನು ಅಂತ ಕೇಳಿ ಮೇಡಂ, ಚೆನ್ನಾಗಿ ಹೇಳ್ತಾನೆ."

"ನೀವು ಸ್ವಲ್ಪ ಸುಮ್ನಿರಿ ಸಾರ್," ಎಂದರು ಯಜಮಾನಿ.

ಹತ್ತಿ ಹಾಸನ್ನು ಒಮ್ಮೆ ಗಾಳಿಗೆ ಕೊಡವಿದ. ಮೂಲೆಗೆ ಮೂಲೆ ಸೇರಿಸಿದ, ಗಲ್ಲದಲ್ಲಿ ಹಿಡಿದ, ಮೊಣಕೈಯಲ್ಲಿ ಒತ್ತಿದ. ನೋಡನೋಡುತ್ತಿದ್ದಂತೆ ಅಷ್ಟಗಲದ ಬಟ್ಟೆ ಒಂದು ಪುಸ್ತಕದಷ್ಟಾಗಿ ಮೇಜಿನ ಮೇಲೆ ಕೂತಿತು. ಸುಕ್ಕಿಲ್ಲ, ಸದ್ದೂ ಇಲ್ಲ. ಟೋಪಿ ಬಿಚ್ಚಿದ್ದ ಎಂಟು ಜನರಲ್ಲಿ ಇಬ್ಬರು ಹತ್ತಿರ ಬಂದು ನೋಡಿದರು.

"ನಾನು ಬೆಳಿಗ್ಗೆ ಎಂಟಕ್ಕೆ ಬರೋಳು," ಎಂದರು ಯಜಮಾನಿ. "ಬೀಗ ಹಾಕದಿರೋ ಬಾಗ್ಲಲ್ಲಿ ಮುಕ್ಕಾಲು ಗಂಟೆ ಕಾಯೋ ಕಳ್ಳನ್ನ ಇದೇ ಮೊದಲು ನೋಡ್ತಿರೋದು. ಎಂಟಕ್ಕಿಂತ ಮುಂಚೆ ಬಂದ್ರೆ ಅಲ್ಲೇ ನಿಂತಿರು. ಎಲ್ಲಿ ನಿಮ್ಮ ಕಾಗದ?"

ಹನ್ನೊಂದು ಹದಿನೇಳಕ್ಕೆ ರುಜು ಬಿತ್ತು. ಹನ್ನೊಂದು ಇಪ್ಪತ್ತಕ್ಕೆ ಬಸ್ಸು. ಮೇಷ್ಟ್ರು ಧನ್ಯವಾದ ಹೇಳಿ, ಫೈಲನ್ನು ಎದೆಗವಚಿಕೊಂಡು ಬಾಗಿಲಿನತ್ತ ಧಾವಿಸಿದರು. ಹತ್ತಿಯೂ ಧಾವಿಸಿದ. ಬಾಗಿಲ ಮುಂದೆ ಇಬ್ಬರೂ ಕಾಲು ಜೋಡಿಸಿ ನಿಂತರು.

"ಎಳೀರಿ," ಎಂದು ಹಿಂದಿನಿಂದ ಯಜಮಾನಿ ಕೂಗಿದರು. "ಒಳಗಿಂದ ಹೋಗೋವಾಗ ಎಳೀಬೇಕು."

ಬಸ್ಸಿನ ಹಿಂದೆ ಓಡಿದ ಮೇಷ್ಟ್ರನ್ನು ಅವರ ಹೆಂಡತಿ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಬಸ್ಸು ಸಿಕ್ಕಿತು. ಆದರೆ ದಾರಿಯುದ್ದಕ್ಕೂ ಮೇಷ್ಟ್ರು ತಮ್ಮನ್ನು ತಾವೇ ಬೈದುಕೊಂಡು, ಇನ್ನು ಮುಂದೆ ಬಾಗಿಲು ಕಂಡರೆ ತಳ್ಳಿಯೇ ಸಿದ್ಧ ಎಂದು ಪಣ ತೊಟ್ಟರು. ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಜೈಲಿನ ಗೇಟು ಬಂತು. ಮೇಷ್ಟ್ರು ಓಡಿಹೋಗಿ ಎರಡು ಕೈಯಿಂದಲೂ ಅದನ್ನು ತಳ್ಳಿದರು, ಭುಜ ಕೊಟ್ಟು ಗುದ್ದಿದರು. ಹೊರಗಿನಿಂದ ಜೈಲಿಗೆ ನುಗ್ಗಲು ಯತ್ನಿಸಿದ ಮೊದಲ ಮನುಷ್ಯ ಅವರೇ ಇರಬೇಕು. ಎಚ್ಚರಿಕೆಯ ಗಂಟೆ ಮೊಳಗಿತು. ಗಿಲಕಿ ಝಣಝಣ ಎನ್ನುತ್ತ ಓಡಿ ಬಂದ.

"ಮೇಷ್ಟ್ರೇ, ಮೊದಲನೇ ನಿಯಮ," ಎಂದ ಏದುಸಿರು ಬಿಡುತ್ತ.

"ಮೊದಲನೇ ನಿಯಮ ಹಾಳಾಗ್ಹೋಗ್ಲಿ. ತೆಗೀಯಪ್ಪ ಬೇಗ," ಎಂದರು ಮೇಷ್ಟ್ರು. ಜನ್ಮದಲ್ಲಿ ಯಾವ ನಿಯಮಕ್ಕೂ ಅವರು ಹಾಗಂದಿರಲಿಲ್ಲ. ಏಳು ಬಾಗಿಲೂ ಗಿಲಕಿ ಅದೆಷ್ಟು ಬೇಗ ತೆರೆದನೆಂದರೆ, ಐದನೆಯದರಲ್ಲಿ ಕೀಲಿ ಬಿಟ್ಟೇ ಓಡಿದ. ಹನ್ನೆರಡು ಹೊಡೆಯುವಾಗ ಪತ್ರ ಮೇಜಿನ ಮೇಲಿತ್ತು.

ಸಂಜೆ ನಾಲ್ಕಕ್ಕೆ ಹತ್ತಿಯನ್ನು ಬಿಟ್ಟರು. ಮೇಷ್ಟ್ರು ಅವನ ಜೊತೆಗೇ ಹೋದರು. ಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ಮೂರು ಮಹಡಿ ಏರಿ, ಬಟ್ಟೆ ಒಣಗಿಸುವ ಹಗ್ಗಗಳ ಕೆಳಗೆ ನುಸುಳಿ ಒಂದು ಹಸಿರು ಬಾಗಿಲ ಮುಂದೆ ಬಂದರು. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ಒಳಗಿನಿಂದ ಪಾತ್ರೆಯ ಸದ್ದು, ಹತ್ತಿಯ ಹೆಂಡತಿಯ ದನಿ, ಅದರ ಮೇಲೆ ಒಂದು ಹುಡುಗಿಯ ದನಿ.

ಹತ್ತಿ ಕಾಲು ಜೋಡಿಸಿ ನಿಂತ.

ಮೇಷ್ಟ್ರ ಕೈ ತಾನಾಗಿ ಮುಂದಕ್ಕೆ ಹೋಯಿತು. ಅವರು ಅದನ್ನು ಹಿಂದಕ್ಕೆಳೆದು, ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು. ಈ ಬಾಗಿಲನ್ನು ತಾವು ತೆಗೆಯಬಾರದು ಎಂದು ಅವರಿಗೆ ಗೊತ್ತಿತ್ತು. ಕಾದರು. ಕಾಯುವುದರಲ್ಲಿ ಈಗ ಅವರು ಪಳಗಿದ್ದರು.

ಹತ್ತಿ ಅಂಗೈಯನ್ನು ಕೋಟಿಗೆ ಒರೆಸಿಕೊಂಡ. ಬಾಗಿಲ ಮೇಲಿಟ್ಟ. ತಳ್ಳಿದ. ಬಾಗಿಲು ಕಿರ್ರೋ ಎಂದು ಮೂರು ಮಹಡಿಗೂ ಕೇಳುವಂತೆ ಕೂಗಿಕೊಂಡಿತು. ಅವನು ತೆರೆದ ಬಾಗಿಲು ಸದ್ದು ಮಾಡಿದ್ದು ಅದೇ ಮೊದಲು.

ಹುಡುಗಿ ಓಡಿ ಬಂದಳು, ಅಪ್ಪನನ್ನು ನೋಡಿ ಅಷ್ಟು ದೂರದಲ್ಲೇ ನಿಂತಳು. ಏನು ಮಾಡಬೇಕೆಂದು ತಿಳಿಯದೆ ಬಾಯಿ ಅಗಲವಾಗಿ ತೆರೆದು ಬೆರಳಲ್ಲಿ ಹಿಂದುಗಡೆ ತೋರಿಸಿದಳು. ಹಲ್ಲು ಇನ್ನೂ ಇತ್ತು. ಹತ್ತಿ ಮಂಡಿಯೂರಿ ಕೂತು, ಎರಡು ಬೆರಳಲ್ಲಿ ಅದನ್ನು ಹಿಡಿದ. ಊರಿನ ಬೀಗಗಳನ್ನೆಲ್ಲ ಬಿಡಿಸಿದ ಬೆರಳುಗಳವು. ಕಿತ್ತರೆ ಬಂದುಬಿಡುತ್ತಿತ್ತು, ಅದು ಮೇಷ್ಟ್ರಿಗೂ ಕಾಣುತ್ತಿತ್ತು.

"ಬೇಗ ಕೀಳಪ್ಪ. ಒಂದೇ ಕಡೆ ಅಗಿದೂ ಅಗಿದೂ ದವಡೆ ನೋಯ್ತಿದೆ."

ಹತ್ತಿ ಕೈ ತೆಗೆದ. "ಇವತ್ತು ಬೇಡ," ಎಂದ. "ನಾಳೆ ನೋಡೋಣ. ನಾಳೇನೂ ನಾನಿಲ್ಲೇ ಇರ್ತೀನಲ್ಲ."

ಮೇಷ್ಟ್ರಿಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಹೊಸ್ತಿಲೊಳಗೆ ನಿಂತಿದ್ದವರು ಹೊರಗೆ ಬಂದು, ಬಾಗಿಲನ್ನು ತಾವೇ ಕೈಯಾರೆ ಎಳೆದು ಮುಚ್ಚಿ, ಮೆಟ್ಟಿಲಿಳಿದು ಮನೆಯ ಬಸ್ಸು ಹಿಡಿದರು.